ಛಾವಣಿಯಿಲ್ಲದ ಮದುವೆಮನೆ

ಮದುವೆಗೆ ಹೋಗಿಬಂದವರಿಗೆ ಊಟ ನೆನಪಿರುತ್ತದೆ, ಮುಹೂರ್ತ ನೆನಪಿರುವುದಿಲ್ಲ. ಹೋದ ವೈಶಾಖದಲ್ಲಿ ಅಕ್ಷತೆ ಹಾಕಿ ಬಂದಿರಲ್ಲ, ಅದು ಯಾವ ವಾರ, ಎಷ್ಟನೇ ತಾರೀಖು ಎಂದು ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾರೆ. ಹೋಳಿಗೆಗೆ ತುಪ್ಪ ಸಾಲದೆ ಹೋದದ್ದನ್ನು ಮಾತ್ರ ಪಂಕ್ತಿ ಸಮೇತ ವರ್ಣಿಸುತ್ತಾರೆ. ನಾನಂತೂ ಈ ಜಾತಿಯವನೇ. ಆದ್ದರಿಂದ ಗ್ರೀನ್‌ಲ್ಯಾಂಡಿನಲ್ಲಿ ಆರುನೂರು ವರ್ಷಗಳ ಹಿಂದೆ ನಡೆದ ಒಂದು ಮದುವೆಯ ತಾರೀಖು, ವಾರ, ಗಂಡಿನ ಹೆಸರು, ಹೆಣ್ಣಿನ ಹೆಸರು, ಧಾರೆ ಎರೆದುಕೊಟ್ಟ ಬಂಧುವಿನ ಹೆಸರು, ಕಣ್ಣಾರೆ ಕಂಡ ಸಾಕ್ಷಿಗಳ ಹೆಸರು ಎಲ್ಲವೂ ಇಂದಿಗೂ ಗೊತ್ತಿದೆ ಎಂದು ಓದಿದಾಗ ಮೊದಲು ಆದದ್ದು ಸಂತೋಷವಲ್ಲ, ನಾಚಿಕೆ. ಗಂಡು ಥಾರ್ಸ್ಟೈನ್ ಓಲಾಫ್ಸನ್. ಹೆಣ್ಣು ಸಿಗ್ರಿಡ್ ಬ್ಯೋರ್ನ್ಸ್‌ದೊತ್ತಿರ್. ದಿನ 1408ರ ಸೆಪ್ಟೆಂಬರ್ 16, ಶಿಲುಬೆ ಹಬ್ಬದ ನಂತರ ಬಂದ ಮೊದಲ ಭಾನುವಾರ. ಊಟಕ್ಕೆ ಏನು ಮಾಡಿದ್ದರು ಎಂಬುದೊಂದನ್ನು ಯಾರೂ ಬರೆದಿಟ್ಟಿಲ್ಲ.

ಮದುವೆ ನಡೆದದ್ದು ಹ್ವಾಲ್ಸೇ ಎಂಬಲ್ಲಿಯ ಕಲ್ಲಿನ ಚರ್ಚಿನಲ್ಲಿ. ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗದಲ್ಲಿ, ಕಕೋರ್ತೋಕ್ ಪಟ್ಟಣದ ಈಶಾನ್ಯಕ್ಕೆ, ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಒಂದು ಫಿಯೋರ್ಡಿನ ದಂಡೆಯಲ್ಲಿ ಅದರ ಗೋಡೆಗಳು ನಿಂತಿವೆ. ಅಲ್ಲಿಗೆ ರಸ್ತೆಯಿಲ್ಲ. ಆ ದೇಶದಲ್ಲಿ ಊರಿಂದೂರಿಗೆ ರಸ್ತೆ ಎನ್ನುವುದೇ ಹೆಚ್ಚುಕಡಿಮೆ ಇಲ್ಲ, ದೋಣಿ ಹತ್ತಬೇಕು. ನಾನು ಹೋದವನಲ್ಲ, ಹೋಗುವ ಲಕ್ಷಣವೂ ಕಾಣುವುದಿಲ್ಲ. ಡಿಸೆಂಬರಿನ ಬೆಳಗಿನ ಚಳಿಗೇ ಮಫ್ಲರ್ ಹುಡುಕುವ ಆಸಾಮಿಗೆ ಗ್ರೀನ್‌ಲ್ಯಾಂಡು ಚಿತ್ರದಲ್ಲೇ ಚೆಂದ.

ಚಿತ್ರದಲ್ಲಿ ನೋಡಿದರೆ ಮೊದಲಿಗೆ ಸ್ವಲ್ಪ ನಿರಾಸೆಯೇ. ಸುಮಾರು 16 ಮೀಟರ್ ಉದ್ದ, 8 ಮೀಟರ್ ಅಗಲದ ಒಂದು ಕಲ್ಲಿನ ಪೆಟ್ಟಿಗೆ. ಕಂಬವಿಲ್ಲ, ಗೋಪುರವಿಲ್ಲ, ಕೆತ್ತನೆಯಿಲ್ಲ, ಓದಲು ಒಂದು ಶಾಸನವೂ ಇಲ್ಲ. ಮರದ ಛಾವಣಿ ಎಂದೋ ಹೋಗಿದೆ. ಉಳಿದದ್ದು ನಾಲ್ಕು ಗೋಡೆ, ಬಾಗಿಲುಗಳ ಕಂಡಿ, ಕೆಲವು ಕಿಟಕಿ, ಒಳಗೋಡೆಯಲ್ಲಿ ಒಂದೆರಡು ಗೂಡು. ಆದರೆ ಗೋಡೆಯ ದಪ್ಪ ಒಂದೂವರೆ ಮೀಟರ್. ಕೆಲವು ಕಲ್ಲುಗಳು ನಾಲ್ಕೈದು ಟನ್ ತೂಗುತ್ತವೆ. 1300ರ ಆಸುಪಾಸಿನಲ್ಲಿ, ಕ್ರೇನು ಇಲ್ಲದೆ, ಆನೆಯಿಲ್ಲದೆ, ಊರಿಗೆಲ್ಲ ಸೇರಿ ಎಷ್ಟು ಜನ ಗಂಡಸರಿದ್ದರೋ ಅಷ್ಟೇ ತೋಳುಗಳಿಂದ ಅವನ್ನು ಎತ್ತಿ ಕೂರಿಸಿದ್ದಾರೆ. ಕಿಟಕಿಗಳನ್ನು ಗಮನಿಸಬೇಕು. ಹೊರಗಡೆ ಸಣ್ಣ ಸೀಳು, ಒಳಗೆ ಬರುಬರುತ್ತ ಅಗಲ. ಗಾಳಿ ಕಡಿಮೆ ಬರಲಿ, ಬಂದಷ್ಟು ಬೆಳಕು ಒಳಗೆಲ್ಲ ಹರಡಲಿ ಎಂಬ ಲೆಕ್ಕ. ಪೂರ್ವದ ಗೋಡೆಯ ಕಿಟಕಿಗೆ ಕಮಾನಿನ ತಲೆಯಿದೆ. ಇಡೀ ಕಟ್ಟಡದಲ್ಲಿ ಮೇಸ್ತ್ರಿ ತೋರಿಸಿದ ಷೋಕಿ ಅದೊಂದೇ. ಈ ಬಗೆಯ ಕೆಲಸ ಐಸ್‌ಲ್ಯಾಂಡಿನದಲ್ಲ, ನಾರ್ವೆ ಮತ್ತು ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳ ಕಡೆಯದು ಎನ್ನುತ್ತಾರೆ ಬಲ್ಲವರು. ಹೊರಗೋಡೆಗೆ ಚಿಪ್ಪು ಅರೆದ ಸುಣ್ಣ ಬಳಿದಿದ್ದರು. ಬೂದು ಬಂಡೆ, ಹಸಿರು ಹುಲ್ಲು, ನೀಲಿ ನೀರು, ನಡುವೆ ಬೆಳ್ಳಗೆ ಹೊಳೆಯುವ ಗೋಡೆ. ಹಡಗಿನವರಿಗೆ ದೂರದಿಂದಲೇ ಕಂಡಿರಬೇಕು.

ಕುರಿಗಾರರ ಆ ಬಡ ನೆಲದಲ್ಲಿ ಇಂಥ ಕಟ್ಟಡಕ್ಕೆ ದುಡ್ಡು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹೇಳಲು ಆ ಮದುವೆಯಿಂದ ನಾಲ್ಕುನೂರು ವರ್ಷ ಹಿಂದಕ್ಕೆ ಹೋಗಬೇಕು. ಅವಸರವಿಲ್ಲ ತಾನೆ?

ಕೆಂಪು ಎರಿಕ್ ಎಂಬಾತ ಕೊಲೆ ಮಾಡಿ ಐಸ್‌ಲ್ಯಾಂಡಿನಿಂದ ಗಡೀಪಾರಾದವನು. ಆ ಗಡೀಪಾರಿನ ಅವಧಿಯನ್ನು ಗ್ರೀನ್‌ಲ್ಯಾಂಡಿನ ತೀರ ಸುತ್ತಿ ಕಳೆದ. ವಾಪಸು ಬಂದು, ಅಲ್ಲಿ ಹಸಿರು ನೆಲವಿದೆ ಬನ್ನಿ ಎಂದು ಊರವರನ್ನು ಹುರಿದುಂಬಿಸಿ ಸುಮಾರು 985ರಲ್ಲಿ 25 ಹಡಗು ಹೊರಡಿಸಿದ. ತಲುಪಿದ್ದು 14. ನಿವೇಶನ ಮಾರುವವರ ಮಾತು ಆಗಲೂ ಹೀಗೇ ಇತ್ತೆಂದು ಕಾಣುತ್ತದೆ. ಅವನ ದಾಯಾದಿ ಥಾರ್ಕೆಲ್ ಎಂಬವನು ಹ್ವಾಲ್ಸೇ ಫಿಯೋರ್ಡನ್ನು ತನ್ನದಾಗಿಸಿಕೊಂಡ. ಐಸ್‌ಲ್ಯಾಂಡಿನ ‘ಲಾಂಡ್‌ನಾಮಾಬೋಕ್’ ಎಂಬ ಹಳೆಯ ಗ್ರಂಥದಲ್ಲಿ ಇವನದೊಂದು ಕಥೆ ಬರುತ್ತದೆ. ಒಂದು ದಿನ ಎರಿಕ್ ಮನೆಗೆ ಬಂದ. ಹಬ್ಬದಡುಗೆ ಮಾಡಬೇಕು, ಟಗರು ಎದುರಿನ ದ್ವೀಪದಲ್ಲಿ ಮೇಯುತ್ತಿದೆ, ದಡದಲ್ಲಿ ಒಂದು ದೋಣಿಯೂ ಇಲ್ಲ. ಥಾರ್ಕೆಲ್ ಆ ಮಂಜುಗಡ್ಡೆಯ ನೀರಿಗೆ ಹಾರಿ, ಈಜಿಹೋಗಿ, ಬಲಿತ ಟಗರನ್ನು ಬೆನ್ನಿಗೆ ಹಾಕಿಕೊಂಡು ಈಜಿಬಂದನಂತೆ! ಅತಿಥಿ ಬಂದಾಗ ಸಕ್ಕರೆ ತರಲು ಮಗನನ್ನು ಹಿಂಬಾಗಿಲಿಂದ ಅಂಗಡಿಗೆ ಓಡಿಸುವ ನಮಗೆ ಈ ಮರ್ಯಾದೆಯ ಪ್ರಶ್ನೆ ಅರ್ಥವಾಗುತ್ತದೆ. ಸತ್ತ ಮೇಲೆ ಅವನನ್ನು ಹ್ವಾಲ್ಸೇಯ ಮನೆಹೊಲದಲ್ಲೇ ಹೂತರು. ಅಲ್ಲೇ ಮನೆಯ ಸುತ್ತ ಓಡಾಡಿಕೊಂಡಿದ್ದಾನೆ ಎಂದು ಗ್ರಂಥ ಗಂಭೀರವಾಗಿಯೇ ಹೇಳುತ್ತದೆ. ಚರ್ಚು ಬಂದದ್ದು ಮುನ್ನೂರು ವರ್ಷ ಕಳೆದ ಮೇಲೆ. ಹಳೆಯ ಭೂತದ ಜೊತೆಗೆ ಹೊಸ ದೇವರು ಹೊಂದಿಕೊಂಡಿರಬೇಕು.

ದುಡ್ಡಿನ ಮಾತು. ಅದು ಬಂದದ್ದು ಕುರಿಯಿಂದಲ್ಲ, ವಾಲ್ರಸ್ ಎಂಬ ಕಡಲ ಪ್ರಾಣಿಯ ಕೋರೆದಂತದಿಂದ. ಬೇಸಿಗೆಯಲ್ಲಿ ಗಂಡಸರು ಉತ್ತರಕ್ಕೆ ತಿಂಗಳುಗಟ್ಟಲೆ ದೋಣಿ ನಡೆಸಿ, ಬೇಟೆಯಾಡಿ ದಂತ ತರುತ್ತಿದ್ದರು. ಯೂರೋಪಿನ ಬಿಷಪ್ಪರ ದಂಡಕ್ಕೆ, ಶಿಲುಬೆಗೆ, ಚದುರಂಗದ ಕಾಯಿಗೆ ಅದೇ ಬೇಕಾಗಿತ್ತು. 1327ರಲ್ಲಿ ಧರ್ಮಯುದ್ಧದ ಕರವೆಂದು ಗ್ರೀನ್‌ಲ್ಯಾಂಡಿನಿಂದ ಆರುನೂರು ಕಿಲೋಗೂ ಮಿಕ್ಕಿ ದಂತ ಸಂದಾಯವಾದದ್ದಕ್ಕೆ ಲೆಕ್ಕವಿದೆ. ಜನಸಂಖ್ಯೆ ಎಷ್ಟೆನ್ನುತ್ತೀರಿ? ಬಹಳವೆಂದರೆ ಎರಡು ಮೂರು ಸಾವಿರ ಎಂಬುದು ಈಗಿನ ಅಂದಾಜು. ಅಷ್ಟು ಮಂದಿಗೆ ಗಾರ್ದರ್ ಎಂಬಲ್ಲಿ ಒಬ್ಬ ಬಿಷಪ್ಪು, ಅವನಿಗೊಂದು ಕೆಂಪು ಮರಳುಗಲ್ಲಿನ ಕೆಥೀಡ್ರಲ್ಲು, ಫಿಯೋರ್ಡುಗಳುದ್ದಕ್ಕೂ ಚರ್ಚುಗಳು. ಯೂರೋಪಿನ ಮನೆತನಕ್ಕೆ ತಾವೂ ಸೇರಿದವರು ಎಂದು ತೋರಿಸಿಕೊಳ್ಳುವ ಹಟ ಈ ಗೋಡೆಗಳಲ್ಲಿದೆ ಎಂದು ನನ್ನ ಗುಮಾನಿ. ಬಟ್ಟೆಯಲ್ಲೂ ಹಾಗೆಯೇ. ಹೆರ್ಯೋಲ್ಫ್‌ಸ್ನೆಸ್ ಎಂಬಲ್ಲಿಯ ಸ್ಮಶಾನವನ್ನು 1921ರಲ್ಲಿ ಪೌಲ್ ನೋರ್ಲುಂಡ್ ಎಂಬ ಡೇನಿಷ್ ವಿದ್ವಾಂಸ ಅಗೆದಾಗ, ಹೆಪ್ಪುಗಟ್ಟಿದ ಮಣ್ಣಿನೊಳಗೆ ಉಣ್ಣೆಯ ನಿಲುವಂಗಿಗಳು ಕೆಡದೆ ಉಳಿದಿದ್ದವು. ಉಣ್ಣೆ ಅಲ್ಲಿಯದೇ, ನೇಯ್ಗೆ ಅಲ್ಲಿಯದೇ, ಹೊಲಿಗೆಯ ಫ್ಯಾಷನ್ನು ಮಾತ್ರ ಯೂರೋಪಿನ ಪೇಟೆಯದು. ಬಾಲದಂಥ ಉದ್ದ ತುದಿಯ ಟೋಪಿಗಳೂ ಸಿಕ್ಕವು. ಸಿಗ್ರಿಡಳ ಮದುವೆಗೆ ನೆರೆದವರು ಇಂಥವೇ ಟೋಪಿಗಳಲ್ಲಿ ಬಂದಿರಬಹುದು.

ಈಗ ಮದುವೆಗೆ ಬರೋಣ.

1406ರಲ್ಲಿ ನಾರ್ವೆಯಿಂದ ಐಸ್‌ಲ್ಯಾಂಡಿಗೆ ಹೊರಟ ಒಂದು ಹಡಗು ದಾರಿತಪ್ಪಿ ಗ್ರೀನ್‌ಲ್ಯಾಂಡಿಗೆ ಬಂತು. ಹಡಗಿನಲ್ಲಿದ್ದವರು ಐಸ್‌ಲ್ಯಾಂಡಿನ ಸ್ಥಿತಿವಂತರು. ಬಂದವರು ನಾಲ್ಕು ವರ್ಷ ಅಲ್ಲೇ ಉಳಿದರು. ಮದುವೆಗೆ ಮುಂಚಿನ ವರ್ಷ ನಡೆದದ್ದು ನೆನೆದರೆ ಮೈ ಜುಮ್ಮೆನ್ನುತ್ತದೆ. ಹಡಗಿನ ಜೊತೆಗಾರ ಥಾರ್‌ಗ್ರಿಮ್ ಸೋಲ್ವಾಸನ್ನನ ಹೆಂಡತಿ ಸ್ಟೈನುನ್‌ಳನ್ನು ಕೋಲ್‌ಗ್ರಿಮ್ ಎಂಬವನು ಮಾಟದಿಂದ ವಶ ಮಾಡಿಕೊಂಡ ಎಂಬ ಆರೋಪ ಬಂತು. ತೀರ್ಪು ಕೊಟ್ಟು ಅವನನ್ನು ಜೀವಂತ ಸುಟ್ಟರು. ಆಕೆಯ ಬುದ್ಧಿ ಮತ್ತೆ ಸರಿಹೋಗಲಿಲ್ಲ, ಸ್ವಲ್ಪ ಕಾಲಕ್ಕೆ ತೀರಿಕೊಂಡಳು ಎಂದು ಐಸ್‌ಲ್ಯಾಂಡಿನ ವಾರ್ಷಿಕ ದಾಖಲೆ ಎರಡು ಸಾಲಿನಲ್ಲಿ ಮುಗಿಸುತ್ತದೆ. ಮಾಟವಂತೆ! ಪರದೇಶದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದ ಹೆಣ್ಣು ಯಾರನ್ನೋ ಮೆಚ್ಚಿದಳು ಎಂದು ಒಪ್ಪಿಕೊಳ್ಳುವುದಕ್ಕಿಂತ ಮಾಟವೆನ್ನುವುದು ಗಂಡನಿಗೂ ಊರಿಗೂ ಅನುಕೂಲವಾಗಿತ್ತು.

ಅದೇ ಹಡಗಿನ ಸ್ನೋರಿ ಟೋರ್ಫಾಸನ್ ಎಂಬವನ ಸಂಗತಿ ಬೇರೆಯೇ ಬಗೆ. ಇವನು ಬಾರದೆ ಇದ್ದುದರಿಂದ ಸತ್ತನೆಂದು ತಿಳಿದು ಐಸ್‌ಲ್ಯಾಂಡಿನಲ್ಲಿದ್ದ ಹೆಂಡತಿ ಗುದ್ರುನ್ ಇನ್ನೊಬ್ಬನನ್ನು ಮದುವೆಯಾದಳು. ಆಮೇಲೆ ಇವನು ಬದುಕಿ ವಾಪಸು ಬಂದ. ಆಕೆ ಹೊಸ ಗಂಡನನ್ನು ಬಿಟ್ಟು, ಕುದುರೆಯೇರಿ ಇವನನ್ನು ಎದುರುಗೊಳ್ಳಲು ಹೋದಳು. ಇವನೂ ಒಂದು ಮಾತಾಡದೆ ಬರಮಾಡಿಕೊಂಡ. ಈ ಪ್ರಸಂಗವನ್ನು ಯಕ್ಷಗಾನದವರ ಕೈಗೆ ಕೊಟ್ಟರೆ ಬೆಳಗಿನವರೆಗೆ ಎಳೆಯಬಹುದು.

ಈ ಗಲಾಟೆಗಳ ನಡುವೆ ಥಾರ್ಸ್ಟೈನ್ ಮತ್ತು ಸಿಗ್ರಿಡ್ ಶಾಸ್ತ್ರೋಕ್ತವಾಗಿ ಮದುವೆಯಾದರು. ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಿಸಿ, ಆಕ್ಷೇಪಣೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಲಗ್ನ ನಡೆಯಿತು. ಮರುವರ್ಷ, 1409ರ ಏಪ್ರಿಲಿನಲ್ಲಿ, ಗಾರ್ದರ್‌ನ ಇಬ್ಬರು ಪಾದ್ರಿಗಳು ಅದಕ್ಕೊಂದು ಪತ್ರ ಬರೆದುಕೊಟ್ಟರು. 1410ರಲ್ಲಿ ಹಡಗು ಗ್ರೀನ್‌ಲ್ಯಾಂಡು ಬಿಟ್ಟು ನಾರ್ವೆಗೆ ಹೋಯಿತು. ಅಲ್ಲಿಂದ ಮುಂದೆ ದಂಪತಿ ಐಸ್‌ಲ್ಯಾಂಡಿಗೆ ಬಂದು ಸಿಗ್ರಿಡಳ ಕಡೆಯ ಆಕ್ರಾರ್ ಎಂಬ ಜಮೀನಿನಲ್ಲಿ ಸಂಸಾರ ಹೂಡಿದರು. ಆದರೂ ಸಾಕ್ಷಿ ಕೇಳುವುದು ನಿಲ್ಲಲಿಲ್ಲ. 1414ರಲ್ಲಿ ನಾಲ್ಕು ಮಂದಿ, ‘ನಾವು ಹ್ವಾಲ್ಸೇಯಲ್ಲಿದ್ದೆವು, ಕಣ್ಣಾರೆ ನೋಡಿದೆವು’ ಎಂಬರ್ಥದ ಹೇಳಿಕೆಗೆ ಮುದ್ರೆ ಒತ್ತಿದರು. 1424ರಲ್ಲಿ, ಅಂದರೆ ಮದುವೆಯಾಗಿ 16 ವರ್ಷಕ್ಕೆ, ಸೈಮುಂಡ್ ಒಡ್ಸನ್ ಎಂಬ ಬಂಧು, ಹೆಣ್ಣನ್ನು ತನ್ನ ಒಪ್ಪಿಗೆಯಿಂದಲೇ ಕೊಟ್ಟದ್ದು ಎಂದು ಇನ್ನೊಂದು ಪತ್ರ ಕೊಟ್ಟ. ಜಗತ್ತಿನ ತುದಿಯಲ್ಲಿ ಆದ ಮದುವೆ. ಹೆಂಡತಿಯ ಕಡೆ ಆಸ್ತಿಯಿದೆ. ಮಗಳು ಕ್ರಿಸ್ಟೀನ್ ಬೆಳೆಯುತ್ತಿದ್ದಾಳೆ. ಮದುವೆ ಊರ್ಜಿತವೆಂದು ಸಾಧಿಸದೆ ಇದ್ದರೆ ಆಸ್ತಿ ಹೋದೀತು ಎಂಬ ಭಯ ಇದ್ದಿರಬೇಕು. ಪ್ರೇಮಪತ್ರಗಳು ಉಳಿಯುವುದಿಲ್ಲ ಸ್ವಾಮಿ, ಆಸ್ತಿಪತ್ರಗಳು ಉಳಿಯುತ್ತವೆ.

ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಒಂದು ಜನಾಂಗ. ಅವರಿಂದ ನಮಗೆ ದೊರೆತ ಕೊನೆಯ ಲಿಖಿತ ಸುದ್ದಿ ಈ ಮದುವೆಯ ಕಾಗದ. ಮದುವೆಯಾದವರಾದರೂ ಗ್ರೀನ್‌ಲ್ಯಾಂಡಿನವರೇ? ಅಲ್ಲ, ದಾರಿತಪ್ಪಿ ಬಂದ ನೆಂಟರು. ಹ್ವಾಲ್ಸೇಯವರ ಹೆಸರು ಬರೆದಿಡಲು ಹ್ವಾಲ್ಸೇಯವರಿಗೇ ಆಗಲಿಲ್ಲ. ಪರಂಪರೆ, ಪರಂಪರೆ ಎಂದು ವೇದಿಕೆಯ ಮೇಲೆ ನಾವು ಹೇಳುವಾಗಲೆಲ್ಲ ಅಜ್ಜ ಅಪ್ಪನಿಗೆ, ಅಪ್ಪ ಮಗನಿಗೆ ಕೊಟ್ಟದ್ದು ಎಂಬ ಚಿತ್ರವೇ ಕಣ್ಣ ಮುಂದೆ ಇರುತ್ತದೆ. ಈ ಚರ್ಚಿನ ಮಟ್ಟಿಗೆ ಆ ಚಿತ್ರ ನಡೆಯುವುದಿಲ್ಲ. ಇದನ್ನು ಕಾಪಾಡಿಕೊಂಡು ಬಂದವರೆಲ್ಲ ಹೊರಗಿನವರು, ಒಬ್ಬರಾದ ಮೇಲೆ ಒಬ್ಬರು.

ಊರಿನವರು ಏನಾದರು? ಚಳಿ ಹೆಚ್ಚಿತು, ಹುಲ್ಲು ಕಡಿಮೆಯಾಯಿತು, ಕಡಲಲ್ಲಿ ಮಂಜು ತುಂಬಿತು, ಯೂರೋಪಿಗೆ ಆನೆದಂತ ಬರತೊಡಗಿ ವಾಲ್ರಸ್ ದಂತಕ್ಕೆ ಬೆಲೆ ಬಿತ್ತು, ಮಹಾಮಾರಿಯಿಂದ ನಾರ್ವೆಯೇ ನೆಲಕಚ್ಚಿತು. ಪಂಡಿತರು ಒಬ್ಬೊಬ್ಬರು ಒಂದೊಂದನ್ನು ಮುಂದೆ ಮಾಡುತ್ತಾರೆ. ಎಲ್ಲವೂ ಸ್ವಲ್ಪ ಸ್ವಲ್ಪ ಸೇರಿತೆಂದು ನನಗನ್ನಿಸುತ್ತದೆ. ಗಾರ್ದರ್‌ನಲ್ಲಿ ವಾಸವಿದ್ದ ಕೊನೆಯ ಬಿಷಪ್ಪು 1378ರಲ್ಲೇ ಸತ್ತಿದ್ದ. ಆಮೇಲೆ ನೇಮಕವಾದವರು ಅತ್ತ ತಲೆಹಾಕಲಿಲ್ಲ. 1492ರ ಸುಮಾರಿಗೆ ಪೋಪ್ ಆರನೆಯ ಅಲೆಕ್ಸಾಂಡರ್ ಬರೆಸಿದ ಪತ್ರವೊಂದಿದೆ. ಗ್ರೀನ್‌ಲ್ಯಾಂಡಿಗೆ ಎಂಬತ್ತು ವರ್ಷದಿಂದ ಹಡಗು ಹೋಗಿಲ್ಲ. ಪಾದ್ರಿಗಳಿಲ್ಲದೆ ಜನ ಧರ್ಮ ಮರೆತಿದ್ದಾರೆ. ನೂರು ವರ್ಷದ ಹಿಂದೆ ಕೊನೆಯ ಪಾದ್ರಿ ಪೂಜೆಗೆ ಬಳಸಿದ ಪೀಠದ ವಸ್ತ್ರವೊಂದು ಉಳಿದಿದ್ದು, ಅದನ್ನೇ ವರ್ಷಕ್ಕೊಮ್ಮೆ ತೆಗೆದು ತೋರಿಸುತ್ತಾರೆ ಎಂದು ಅದರಲ್ಲಿದೆ. ಅಷ್ಟು ಹೊತ್ತಿಗೆ ತೋರಿಸುವವರೂ ನೋಡುವವರೂ ಮುಗಿದುಹೋಗಿದ್ದರೆಂದೇ ಕಾಣುತ್ತದೆ. ಆದರೂ ಒಬ್ಬ ಬಿಷಪ್ಪನ ನೇಮಕವಂತೂ ಆಯಿತು. ಯಥಾಪ್ರಕಾರ ಆತನೂ ಹೋಗಲಿಲ್ಲ.

ಮುಂದೆ 1721ರಲ್ಲಿ ಹಾನ್ಸ್ ಎಗೆಡೆ ಎಂಬ ನಾರ್ವೆಯ ಪಾದ್ರಿ ಹೆಂಡತಿ ಮಕ್ಕಳೊಡನೆ ಬಂದಿಳಿದ. ಮರೆತುಹೋದ ನಮ್ಮವರು ಅಲ್ಲೆಲ್ಲೋ ಇರಬೇಕು, ಪಾಪ, ಲೂಥರನ ಸುಧಾರಣೆಯ ಸುದ್ದಿ ತಿಳಿಯದೆ ಇನ್ನೂ ಕ್ಯಾಥಲಿಕ್ಕರಾಗಿಯೇ ಇದ್ದಾರು, ತಿಳಿಸೋಣ ಎಂದು ಅವನ ಆಸೆ. ಸಿಕ್ಕವರು ಇನ್ಯುಯಿಟ್ ಜನ. 1723ರಲ್ಲಿ ದಕ್ಷಿಣಕ್ಕೆ ಹೋದಾಗ ಹ್ವಾಲ್ಸೇಯ ಗೋಡೆಗಳನ್ನು ನೋಡಿದ. ತಮಾಷೆಯೆಂದರೆ, ಹ್ವಾಲ್ಸೇ ಸೇರಿದ ಈ ಸೀಮೆಗೆ ಹಳಬರು ಇಟ್ಟ ‘ಪೂರ್ವದ ವಸಾಹತು’ ಎಂಬ ಹೆಸರು ನಂಬಿಕೊಂಡು ಅದು ದೇಶದ ಪೂರ್ವ ಕರಾವಳಿಯಲ್ಲಿದೆಯೆಂದು ಎಲ್ಲರೂ ತಿಳಿದಿದ್ದರು. ಆದ್ದರಿಂದ ಹುಡುಕಿ ಬಂದದ್ದರ ನಡುಮನೆಯಲ್ಲೇ ನಿಂತಿದ್ದರೂ ಎಗೆಡೆಗೆ ಅದು ತಿಳಿಯಲಿಲ್ಲ. ಹುಡುಕಾಟ ಮುಂದುವರಿಯಿತು.

ಕೇಳಿದ್ದರೆ ಇನ್ಯುಯಿಟರ ಬಳಿ ಕಥೆಯಿತ್ತು. ಹ್ವಾಲ್ಸೇಯ ನಾರ್ಸ್ ಜನರ, ಅಂದರೆ ಎರಿಕ್‌ನ ಹಿಂದೆ ಬಂದು ನೆಲೆಸಿದವರ ವಂಶದವರ, ಮುಖಂಡ ಉಂಗೋರ್ತೋಕ್, ಇನ್ಯುಯಿಟ್ ವೀರ ಕೈಸಾಪೆ. ಕೊಲೆಗೆ ಕೊಲೆ, ಸೇಡಿಗೆ ಸೇಡು. ಕೊನೆಗೆ ಇನ್ಯುಯಿಟರು ದೋಣಿಗೆ ಬಿಳಿಯ ತೊಗಲು ಹೊದಿಸಿ, ತೇಲುವ ಮಂಜುಗಡ್ಡೆಯಂತೆ ವೇಷ ಕಟ್ಟಿ, ದಡಕ್ಕೆ ತೇಲಿಬಂದು ಮನೆಗೆ ಬೆಂಕಿಯಿಟ್ಟರಂತೆ. ಅಗೆದು ನೋಡಿದವರಿಗೆ ಚರ್ಚು ಸುಟ್ಟ ಗುರುತು ಸಿಕ್ಕಿಲ್ಲ, ನಿಜ. ಆದರೆ ಮಂಜುಗಡ್ಡೆಯ ವೇಷ ಹಾಕಿದ ದೋಣಿಯನ್ನು ಪುರಾವೆಯಿಲ್ಲ ಎಂದು ಬಿಟ್ಟುಬಿಡಲು ನನಗಂತೂ ಮನಸ್ಸು ಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿನ್‌ರಿಕ್ ರಿಂಕ್ ಎಂಬ ಅಧಿಕಾರಿ ಇಂಥ ಕಥೆಗಳನ್ನು ಕೂಡಿಹಾಕಿದ. ಕಾಂಗೆಕ್ ಎಂಬಲ್ಲಿಯ ಸೀಲ್ ಬೇಟೆಗಾರ ಆರೊನ್, ಕ್ಷಯರೋಗದಿಂದ ಹಾಸಿಗೆ ಹಿಡಿದವನು, ಅವಕ್ಕೆ ಚಿತ್ರ ಬರೆದ. ಉಂಗೋರ್ತೋಕನನ್ನೂ ಕೈಸಾಪೆಯನ್ನೂ ಬಣ್ಣದಲ್ಲಿ ಉಳಿಸಿದ್ದು ಅವನೇ. ಐಸ್‌ಲ್ಯಾಂಡಿನವರು ಆಸ್ತಿಗಾಗಿ ಮದುವೆಯ ನೆನಪು ಇಟ್ಟುಕೊಂಡರು. ಇನ್ಯುಯಿಟರು ಕಥೆಯ ರುಚಿಗಾಗಿ ಜಗಳದ ನೆನಪು ಇಟ್ಟುಕೊಂಡರು.

ಕಲ್ಲುಗಳು ಉಳಿದದ್ದು ಹೇಗೆ ಎನ್ನುವುದು ಇನ್ನೊಂದು ವಿಷಯ. ಯಾರಿಗೂ ಬೇಕಾಗಲಿಲ್ಲ, ಉಳಿದವು. ಹತ್ತಿರದಲ್ಲಿ ಒಂದು ಊರು ಬೆಳೆದಿದ್ದರೆ ಹ್ವಾಲ್ಸೇ ಚರ್ಚು ಇಷ್ಟು ಹೊತ್ತಿಗೆ ದನದ ಕೊಟ್ಟಿಗೆಗಳಲ್ಲಿ ಹಂಚಿಹೋಗಿರುತ್ತಿತ್ತು. ಗಾರ್ದರ್‌ನ ಕೆಥೀಡ್ರಲ್ಲಿಗೆ ಆದದ್ದು ಅದೇ. ಆಂಡರ್ಸ್ ಓಲ್ಸೆನ್ ಎಂಬ ನಾರ್ವೆಯ ವ್ಯಾಪಾರಿ, 1775ರಲ್ಲಿ ಈಗಿನ ಕಕೋರ್ತೋಕ್ ಪಟ್ಟಣವನ್ನು ಸ್ಥಾಪಿಸಿದವನು, ನಿವೃತ್ತನಾದ ಮೇಲೆ ಗ್ರೀನ್‌ಲ್ಯಾಂಡಿನವಳೇ ಆದ ಹೆಂಡತಿ ಟುಪೆರ್ನಾಳೊಡನೆ ಗಾರ್ದರ್‌ಗೆ, ಅಂದರೆ ಇಂದಿನ ಇಗಾಲಿಕುವಿಗೆ, ಬಂದು ದನಕರು ಕಟ್ಟಿದ. ಹದವಾಗಿ ಒಡೆದ ಕೆಂಪು ಕಲ್ಲು ರಾಶಿ ಬಿದ್ದಿರುವಾಗ ಮನೆ ಕಟ್ಟುವವನು ಗುಡ್ಡಕ್ಕೆ ಹೋಗುತ್ತಾನೆಯೇ? ಬಿಷಪ್ಪನ ಗೋಡೆಗಳು ರೈತರ ಗೋಡೆಗಳಾದವು. ಅವರ ವಂಶದವರು ಇಂದಿಗೂ ಅಲ್ಲಿ ಕುರಿ ಸಾಕಿಕೊಂಡಿದ್ದಾರೆ. ಪುರಾತತ್ವದವರು ಇದನ್ನು ಹೇಳುವಾಗ ಸ್ವಲ್ಪ ನಿಟ್ಟುಸಿರು ಬಿಡುತ್ತಾರೆ. ನನಗೆ ಓಲ್ಸೆನ್ ಮೇಲೆ ಸಿಟ್ಟು ಬರುವುದಿಲ್ಲ. ಛಾವಣಿಯಿಲ್ಲದ ಕಲ್ಲಿಗೆ ಛಾವಣಿ ಕೊಟ್ಟವನು ಅವನು.

2017ರಲ್ಲಿ ಯುನೆಸ್ಕೋ ಈ ಇಡೀ ಸೀಮೆಯನ್ನು ಕುಯಾತಾ ಎಂಬ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೀಗೆ ಸೇರಿಸುವಾಗ ನಾರ್ಸ್ ಜನರ ಹಾಳುಮನೆಗಳನ್ನಷ್ಟೇ ಬೇಲಿ ಹಾಕಿ ಬೇರೆ ಮಾಡಲಿಲ್ಲ. ನಾರ್ಸರ ಬೇಸಾಯ, ಇನ್ಯುಯಿಟರ ಬೇಸಾಯ, ಎರಡೂ ಸೇರಿ ಒಂದೇ ಎಂದು ಲೆಕ್ಕ ಹಿಡಿದರು. ಹ್ವಾಲ್ಸೇಯ ಚರ್ಚೂ ಒಳಗೆ ಬಂತು, ಇಗಾಲಿಕುವಿನ ಕೆಂಪು ಕಲ್ಲಿನ ಮನೆಗಳೂ ಬಂದವು. ಸಮಿತಿಗಳು ಮಾಡುವ ಕೆಲಸದಲ್ಲಿ ಇಷ್ಟು ವಿವೇಕ ಕಾಣುವುದು ಅಪರೂಪ.

ರಿಪೇರಿಯ ಮಾತೊಂದು ಉಳಿದಿದೆ. ಚರ್ಚನ್ನು ಕಟ್ಟಿದ್ದು ಹಳೆಯ ಗೋರಿಗಳ ನೆಲದ ಮೇಲೆ, ತಳಪಾಯ ಸರಿಯಾಗಿ ತೆಗೆಯದೆ. ಮೆತ್ತನೆಯ ಮಣ್ಣು ಕುಸಿದು ಫಿಯೋರ್ಡಿನ ಕಡೆಯ ಗೋಡೆ ಹೊರಕ್ಕೆ ವಾಲಿತು. ಅಂದಿನ ಮೇಸ್ತ್ರಿ ಐದು ಟನ್ನಿನ ಕಲ್ಲೆತ್ತುವ ಶಕ್ತಿ ತೋರಿಸಿದ, ಎರಡು ಮೊಳ ಆಳಕ್ಕೆ ಅಗೆಯುವ ತಾಳ್ಮೆ ತೋರಿಸಲಿಲ್ಲ. ಕಳೆದ ಶತಮಾನದ ಕೊನೆಯಲ್ಲಿ ಅದು ಬೀಳದಂತೆ ಭದ್ರಪಡಿಸಿದರು. ಛಾವಣಿ ಹೊದಿಸಲಿಲ್ಲ, ಸುಣ್ಣ ಬಳಿಯಲಿಲ್ಲ. ಇದ್ದದ್ದು ಇದ್ದಂತೆ ನಿಲ್ಲಲಿ ಎಂದಷ್ಟೇ. ಹೊಸದಾಗಿ ಬಣ್ಣ ಬಳಿದು ಗ್ರಾನೈಟ್ ಹಾಸುವುದೇ ಜೀರ್ಣೋದ್ಧಾರ ಎಂದು ತಿಳಿದವರು ಇದನ್ನು ನೋಡಿದರೆ, ಕಾಂಟ್ರಾಕ್ಟರು ಅರ್ಧಕ್ಕೆ ಬಿಟ್ಟು ಓಡಿಹೋದನೆಂದೇ ಹೇಳಿಯಾರು.

ಬಿಷಪ್ಪನ ವಿಷಯ ಮರೆತೆ. ಗಾರ್ದರ್‌ನ ಬಿಷಪ್ಪು ಎಂಬ ಪದವಿ ಇನ್ನೂ ಇದೆ. ಹಾಳುಬಿದ್ದ ಪೀಠಗಳ ಹೆಸರನ್ನು ಬೇರೆಲ್ಲೋ ಕೆಲಸ ಮಾಡುವ ಬಿಷಪ್ಪರಿಗೆ ಬಿರುದಾಗಿ ಕೊಡುವ ಪದ್ಧತಿ ಕ್ಯಾಥಲಿಕ್ ಚರ್ಚಿನಲ್ಲುಂಟು. ಕಳೆದ ಶತಮಾನದ ಕೊನೆಯಲ್ಲಿ ಗಾರ್ದರ್ ಕೂಡ ಆ ಪಟ್ಟಿಗೆ ಸೇರಿತು. ಹೆಸರಿಗೆ ಬಿಷಪ್ಪು, ಚರ್ಚಿಲ್ಲ, ಸಭೆಯಿಲ್ಲ, ದಂತದ ಕರವೂ ಬರುವುದಿಲ್ಲ. ಪೀಠದ ಕಲ್ಲುಗಳು ಇಗಾಲಿಕುವಿನಲ್ಲಿ ಯಾರದೋ ಅಡುಗೆಮನೆಯ ಗೋಡೆಯಲ್ಲಿವೆ. ಅವನ್ನು ವಾಪಸು ಕೇಳಲು ಈ ಬಿರುದಿನ ಬಿಷಪ್ಪರಲ್ಲಿ ಯಾರಾದರೂ ಹೊರಟರೆ, ಆ ಮನೆಯಾಕೆ ಏನು ಉತ್ತರ ಕೊಡುತ್ತಾಳೆ ಎಂದು ಕೇಳಿಸಿಕೊಳ್ಳಲಾದರೂ ಮಫ್ಲರ್ ಸುತ್ತಿಕೊಂಡು ಅಲ್ಲಿಗೊಮ್ಮೆ ಹೋಗಬಹುದು.